ಮೊದಲ ಸುತ್ತಿನ ಸುಳ್ಳು

ಬೆಂಗಳೂರಿನಲ್ಲಿ ನಮ್ಮ ಆಂಬುಲೆನ್ಸನ್ನು ಮೊದಲು ಹಿಂದೆ ಹಾಕಿದವರು ಕೊತ್ತಂಬರಿ ಕಟ್ಟು ಹಿಡಿದು ನಡೆದು ಹೊರಟಿದ್ದ ಒಬ್ಬ ಅಜ್ಜ. ವಿಜಯಪುರದಿಂದ ಎಲ್ಲಿಯೂ ನಿಲ್ಲದೆ ಓಡಿ ಬಂದ ಗಾಡಿ, ಬನ್ನೇರುಘಟ್ಟ ರಸ್ತೆ ಮುಟ್ಟಿದ್ದೇ ತಡ, ಕಂಬ ನೆಟ್ಟಂತೆ ನಿಂತುಬಿಟ್ಟಿತು. ಸೈರನ್ ಕೂಗುತ್ತಲೇ ಇತ್ತು. ಮುಂದಿನವರಿಗೆ ದಾರಿ ಬಿಡುವ ಮನಸ್ಸಿತ್ತು, ಸರಿಯಲು ಜಾಗವಿರಲಿಲ್ಲ. ಒಳಗೆ ಮಲಗಿದ್ದ ನಮ್ಮ ಮನೆಯವರು ಆಕ್ಸಿಜನ್ ಮಾಸ್ಕನ್ನು ತುಸು ಸರಿಸಿ ಕೇಳಿದರು:

"ಎಷ್ಟನೇ ನಂಬರ್‌ನ್ಯಾಗ ಅದೀವಿ?"

ನನಗೆ ಅಳುವೂ ಬಂತು, ನಗುವೂ ಬಂತು. "ಎಲ್ಲಾರಕಿಂತ ಹಿಂದ ಅದೀವಿ, ಸುಮ್ಮನ ಮಲಗ್ರಿ," ಎಂದೆ.

ಊರಿನವರಾದ ನಿಮಗೆ ನಮ್ಮ ಮನೆಯ ಈ ರೇಸಿನ ಹುಚ್ಚು ಗೊತ್ತಿದ್ದದ್ದೇ. ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವ ನಮ್ಮ ಮನೆಯವರಿಗೆ ಗ್ರ್ಯಾನ್ ಪ್ರಿ ಕಾರ್ ರೇಸ್ ಎಂದರೆ ಪ್ರಾಣ. ಮೊದಮೊದಲು ನಾನು ಬೇಳೆ ಆರಿಸುತ್ತಾ ಬೈಯಲೆಂದೇ ಪಕ್ಕದಲ್ಲಿ ಕೂರುತ್ತಿದ್ದೆ. ಬೈಯುತ್ತಾ ಬೈಯುತ್ತಾ ನನಗೂ ಅಂಟಿತು. ಗೆಲ್ಲುವವರ ಹಿಂದೆ ಊರೇ ಇರುತ್ತದೆ ಎಂದು ನಾವು ನಡುಗುಂಪಿನ ಒಬ್ಬ ಚಾಲಕನನ್ನು ನಮ್ಮ ಹುಡುಗ ಎಂದುಕೊಂಡೆವು. ಅವನು ಒಂಬತ್ತನೆಯವನೋ ಹತ್ತನೆಯವನೋ ಆಗಿ ಒಂದೆರಡು ಅಂಕ ತಂದರೆ ನಮ್ಮ ಮನೆಯಲ್ಲಿ ಶಿರಾ ಮಾಡುತ್ತಿದ್ದೆ.

ಈ ಸಲದ ಸೀಸನ್ ಶುರುವಾದಾಗ ನಮ್ಮವರ ಎದೆ ಆಪರೇಷನ್ ಟೇಬಲ್ಲಿನ ಮೇಲೆ ತೆರೆದಿತ್ತು. ಬೈಪಾಸ್ ಚೆನ್ನಾಗಿಯೇ ಆಯಿತು. ಆದರೆ ಸಕ್ಕರೆ ಕಾಯಿಲೆಯಿಂದ ಗಾಯ ಬೇಗ ಮಾಯಲಿಲ್ಲ, ಎದೆಬಡಿತವೂ ಆಗಾಗ ತಾಳ ತಪ್ಪುತ್ತಿತ್ತು. ಈ ವರ್ಷ ಮುಗಿಯುವವರೆಗೆ ಹತ್ತಿರದಲ್ಲೇ ಇರಿ ಎಂದರು ಡಾಕ್ಟರು. ಮನೆ ಹುಡುಕಲು ಹೊರಟರೆ, ಹಾಸಿಗೆ ಹಿಡಿದವರು ಎಂದ ಕೂಡಲೇ ಓನರುಗಳ ಮುಖ ಬದಲಾಗುತ್ತಿತ್ತು. ಜೆ.ಪಿ. ನಗರದ ಪದ್ಮಕ್ಕ ಒಬ್ಬರೇ, "ಹುಷಾರು ತಪ್ಪೋದು ಯಾರಿಗಿಲ್ಲ ಹೇಳಿ? ಮೇಲ್ಗಡೆ ಮನೆ ಖಾಲಿ ಇದೆ, ಬನ್ನಿ," ಎಂದರು. ಅವರ ಗಂಡ ರಾಯರು ನಿವೃತ್ತ ಗಣಿತ ಮೇಷ್ಟ್ರು. ಇಬ್ಬರು ಆಳುಗಳು ನಮ್ಮವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತುಕೊಂಡು ಹೋದರು.

ಹೊಸ ಊರು ಮೊದಲು ಕಂಡದ್ದು ಅದರ ಮೌನದಲ್ಲಿ. ನಮ್ಮಲ್ಲಾದರೆ ಕಾಯಿಲೆಯವರ ಮಂಚದ ಸುತ್ತ ಇಡೀ ಓಣಿ ನೆರೆಯುತ್ತದೆ. ಒಬ್ಬರು ಕಷಾಯ ಹೇಳಿದರೆ ಇನ್ನೊಬ್ಬರು ಇದೇ ಕಾಯಿಲೆಯಲ್ಲಿ ಸತ್ತವರ ಹೆಸರು ಹೇಳುತ್ತಾರೆ. ಇಲ್ಲಿ ಪಕ್ಕದ ಮನೆಯವರು ಬರುವ ಮೊದಲು ಫೋನ್ ಮಾಡಿ, "ಬರ್ಬಹುದಾ?" ಎಂದು ಕೇಳುತ್ತಾರೆ. ಮೊದಲ ತಿಂಗಳು ಈ ಮೌನಕ್ಕೆ ನಾನು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಿದ್ದೇನೆ. ಆಮೇಲೆ, ಸತ್ತವರ ಪಟ್ಟಿ ಕೇಳದೆ ನಮ್ಮವರು ನೆಮ್ಮದಿಯಾಗಿ ನಿದ್ದೆ ಮಾಡುವುದನ್ನು ಕಂಡು ಸುಮ್ಮನಾದೆ.

ಊಟದ ಪಾಡು ಬೇರೆ. ಪದ್ಮಕ್ಕ "ಹುಳಿ ಕಳಿಸ್ತೀನಿ" ಎಂದಾಗ ಹುಣಸೆಹುಳಿ ಯಾಕೆ ಎಂದುಕೊಂಡೆ. ಬಂದದ್ದು ತರಕಾರಿ ಬೇಳೆಯ ಸಾಂಬಾರು, ಅದರಲ್ಲಿ ಬೆಲ್ಲ! ನಮ್ಮವರು ಒಂದು ತುತ್ತು ತಿಂದು, "ಇದು ಊಟಾನೋ, ಪಾಯಸಾನೋ?" ಎಂದರು. ನಾನು ಬನಶಂಕರಿ ಬಸ್ ನಿಲ್ದಾಣದ ಹಿಂದೆ ಬಾಗಲಕೋಟೆಯ ಹೆಣ್ಣುಮಗಳೊಬ್ಬಳು ಜೋಳದ ರೊಟ್ಟಿ ಬಡಿಯುವುದನ್ನು ಪತ್ತೆ ಹಚ್ಚಿದ ದಿನ, ದಿಲ್ಲಿ ಗೆದ್ದವಳಂತೆ ಮನೆಗೆ ಬಂದೆ. ಈಗ ಆ ಬೆಲ್ಲದ ಹುಳಿ ಇಲ್ಲದಿದ್ದರೆ ನನಗೆ ರೊಟ್ಟಿ ಇಳಿಯುವುದಿಲ್ಲ, ಅದು ಬೇರೆ ಮಾತು.

ಇರಲಿ, ರೇಸಿಗೆ ಬರುತ್ತೇನೆ. "ಟೆನ್ಷನ್ ಆಗೋದೆಲ್ಲ ನೋಡ್ಬೇಡಿ" ಎಂದು ಡಾಕ್ಟರು ಅಂದಿದ್ದನ್ನು ನಾನು ಶಾಸನವೆಂದುಕೊಂಡೆ. ನಮ್ಮ ಮನೆಗೆ ಟೀವಿ ತರಿಸಲಿಲ್ಲ. ಇವರದೋ ಗುಂಡಿ ಒತ್ತುವ ಹಳೆಯ ಫೋನು. ಭಾನುವಾರ ನಾನೊಬ್ಬಳೇ ಕೆಳಗೆ ಪದ್ಮಕ್ಕನ ಮನೆಗೆ ಹೋಗಿ ರೇಸ್ ನೋಡಿ, ಮೇಲೆ ಬಂದು, ಬಿಸಿ ಆರಿಸಿದ ಹಾಲಿನಂತೆ ಮೆಲ್ಲಗೆ ಕಥೆ ಹೇಳುವುದೆಂದು ಒಪ್ಪಂದವಾಯಿತು.

ತೊಡಕಾದದ್ದು ದೀಪದಿಂದ. ಬೇಸಿಗೆ ಕಳೆದ ಮೇಲೆ ಯುರೋಪಿನ ರೇಸುಗಳು ನಮ್ಮ ಸಂಜೆ ಆರೂವರೆಗೆ ಶುರುವಾಗುತ್ತವೆ. ಪದ್ಮಕ್ಕ ದೇವರಿಗೆ ದೀಪ ಹಚ್ಚುವುದೂ ಆಗಲೇ. "ದೀಪ ಹಚ್ಚೋ ಹೊತ್ನಲ್ಲಿ ನಮ್ಮನೇಲಿ ಟೀವಿ ಹಾಕಲ್ಲ ಕಣ್ರೀ, ಸ್ತೋತ್ರ ಮುಗೀಲಿ," ಎಂದು ಆರಿಸಿಬಿಡುತ್ತಿದ್ದರು. ಐದು ಕೆಂಪು ದೀಪ ಆರಿ ಇಪ್ಪತ್ತು ಕಾರು ಒಟ್ಟಿಗೆ ನುಗ್ಗುವ ಆ ಗಳಿಗೆಯೇ ರೇಸಿನ ಜೀವ. ನಾನು ಕೈ ಮುಗಿದು ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಟೀವಿ ಮತ್ತೆ ಬರುವ ಹೊತ್ತಿಗೆ ಹತ್ತು ಹದಿನೈದು ಸುತ್ತು ಕಳೆದಿರುತ್ತಿದ್ದವು. ಆದರೆ ಮೇಲೆ ಮಲಗಿದವರ ಮೊದಲ ಪ್ರಶ್ನೆಯೇ "ಸ್ಟಾರ್ಟ್ ಹೆಂಗಾತು?" ಹಾಗಾಗಿ ಸ್ಟಾರ್ಟನ್ನು ನಾನೇ ಕಟ್ಟತೊಡಗಿದೆ. ಒಳಗಿನಿಂದ ನುಗ್ಗಿದ, ಇಬ್ಬರನ್ನು ದಾಟಿದ ಎಂದೆಲ್ಲ ಹೇಳುತ್ತಿದ್ದೆ. ದೇವರ ಮುಂದೆ ಕೂತು ಬಂದು ಹೇಳುವ ಸುಳ್ಳು, ಪಾಪ ಅಷ್ಟಾಗಿ ತಟ್ಟಲಿಕ್ಕಿಲ್ಲ ಎಂದುಕೊಂಡೆ.

ಆಷಾಢದ ಒಂದು ಭಾನುವಾರ ಸ್ತೋತ್ರ ಮುಗಿದು ಟೀವಿ ಹಾಕಿದರೆ, ನಮ್ಮ ಹುಡುಗನ ಹೆಸರೇ ಪಟ್ಟಿಯಲ್ಲಿಲ್ಲ. ಮೊದಲ ಸುತ್ತಿನ ಮೊದಲ ತಿರುವಿನಲ್ಲೇ ಗೋಡೆಗೆ ಬಡಿದು ಆಚೆ ಹೋಗಿದ್ದ. ಹುಡುಗನಿಗೆ ಏನೂ ಆಗಿರಲಿಲ್ಲ, ಕಾರಿನ ಚಕ್ರ ಕಿತ್ತುಹೋಗಿತ್ತು.

ಅದೇ ವಾರ ಡಾಕ್ಟರು, "ಇನ್ನು ಮೆಟ್ಟಿಲು ಇಳೀಬಹುದು, ಓಡಾಡಿ," ಎಂದಿದ್ದರು. ಇವರು ಇಳಿಯಲಿಲ್ಲ. ಆಸ್ಪತ್ರೆಗೆ ಹೋಗುವಾಗ ಮಾತ್ರ ನನ್ನ ಭುಜ ಹಿಡಿದು ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಓಡುವ ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿಸುತ್ತಿದ್ದ ದನಿ ಆಪರೇಷನ್ ಆದ ಮೇಲೆ ಪಿಸುಮಾತಾಗಿತ್ತು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು, ಹೊಲಿಗೆ ಬಿಚ್ಚೀತೆಂದು ನನ್ನ ಮುಖ ನೋಡುತ್ತಿದ್ದರು. ಗಾಯ ಮಾದಿತ್ತು, ಧೈರ್ಯ ಮರಳಿರಲಿಲ್ಲ. ಈ ಮನುಷ್ಯ ಇನ್ನು ಹೀಗೇ ಉಳಿದುಬಿಡುತ್ತಾರೇನೋ ಎಂಬುದೇ ನನ್ನ ಹಗಲಿನ ಚಿಂತೆ, ರಾತ್ರಿಯ ಚಿಂತೆ. ಅಂಥವರಿಗೆ ಗೋಡೆಗೆ ಬಡಿದ ಸುದ್ದಿ ಹೇಳಲು ನಾಲಿಗೆ ಏಳಲಿಲ್ಲ. ನಮ್ಮ ಹುಡುಗನನ್ನು ಕೊನೆಯ ಸುತ್ತಿನವರೆಗೂ ಓಡಿಸಿದೆ, ಟೈರ್ ಬದಲಿಸಿದೆ, ಒಂಬತ್ತನೆಯವನಾಗಿ ಮುಗಿಸಿದೆ. ಮಾರನೆಯ ದಿನ ನನ್ನ ಮಾತಿನಂತೆ ರಾಯರು ಪತ್ರಿಕೆಯ ಕ್ರೀಡಾಪುಟ ತೆಗೆದೇ ಮೇಲೆ ಕಳಿಸಿದರು.

ಗೌರಿ ಹಬ್ಬದ ದಿನ ಪದ್ಮಕ್ಕ ನಿಪ್ಪಟ್ಟು ಕಳಿಸಿದರು. ಎಣ್ಣೆ ಹೀರಲೆಂದು ಡಬ್ಬಿಯ ತಳಕ್ಕೆ ಹಳೆಯ ಪೇಪರು ಹಾಕಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಇವರು ಒಂದೊಂದೇ ತಿನ್ನುತ್ತಾ ತಳ ಮುಟ್ಟಿದರು. ಅಲ್ಲಿ ಎಣ್ಣೆ ಕುಡಿದ ಕ್ರೀಡಾಪುಟ, ಅದರಲ್ಲಿ ಮೂರು ಚಕ್ರದ ನಮ್ಮ ಹುಡುಗನ ಕಾರು!

"ಏ! ಬಾ ಇಲ್ಲೆ!"

ಕೈಯಲ್ಲಿದ್ದ ಸೌಟು ಬಿತ್ತು. ಆ ದನಿ ಕೇಳಿ ಆರು ತಿಂಗಳಾಗಿತ್ತು.

"ಮೊದಲನೇ ಸುತ್ತಿನ್ಯಾಗ ಗ್ವಾಡಿಗೆ ಹೊಡದಾನ! ಒಂಬತ್ತನೇದಾಂವ ಬಂದಾನಂತ ನೀ ನನಗ ಕತಿ ಹೇಳಿದಿ! ಡಾಕ್ಟರು ನನ್ನ ಎದಿ ಕೊಯ್ದಾರ, ತಲಿ ಕೊಯ್ದಿಲ್ಲ! ನನಗ ಸುಳ್ಳ ಹೇಳ್ತೀ?"

ಮಂಚದಿಂದ ಎದ್ದು ನಿಂತಿದ್ದರು. ದಿಂಬು ನೆಲದ ಮೇಲೆ ಬಿದ್ದಿತ್ತು. ಓಣಿಯ ನಾಯಿಗಳೆಲ್ಲ ಬೊಗಳತೊಡಗಿದವು. ರಾಯರು ರಕ್ತದೊತ್ತಡದ ಯಂತ್ರ ಎದೆಗವುಚಿಕೊಂಡು ಮೆಟ್ಟಿಲು ಹತ್ತಿ ಓಡಿ ಬಂದರು. "ಸಾರ್, ಸಮಾಧಾನ ಸಾರ್, ಪುಟ ತೆಗೆದಿದ್ದು ನಾನು, ನನಗೆ ಬೈರಿ," ಎನ್ನುತ್ತಾ ಇವರ ತೋಳಿಗೆ ಪಟ್ಟಿ ಸುತ್ತಿದರು. ಅಂಕಿ ನೋಡಿ ಕನ್ನಡಕ ಒರೆಸಿ ಮತ್ತೆ ನೋಡಿದರು. "ಸರಿಯಾಗಿದೆಯಲ್ಲ!" ಎಂದು, ನಂಬಿಕೆ ಬಾರದೆ ತಮ್ಮ ತೋಳಿಗೂ ಸುತ್ತಿ ನೋಡಿಕೊಂಡರು. "ನಂದೇ ಜಾಸ್ತಿ ಇದೆ ಸಾರ್," ಎಂದು ಕುರ್ಚಿಯಲ್ಲಿ ಕುಸಿದರು.

ನಾನು ಅಡುಗೆಮನೆಯ ನೆಲದ ಮೇಲೆ ಕೂತು ನಗುತ್ತಿದ್ದೆ. ಕಣ್ಣೀರು ಸುರಿಯುತ್ತಿತ್ತು. ಇಷ್ಟು ಬೈಸಿಕೊಂಡು ಇಷ್ಟು ಹಗುರಾದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಇವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಮುಂದಿನ ರೇಸಿನ ದಿನ ಅವರೇ ಕಂಬಿ ಹಿಡಿದು, ಎಲ್ಲೂ ನಿಲ್ಲದೆ ಮೆಟ್ಟಿಲಿಳಿದು ಪದ್ಮಕ್ಕನ ನಡುಮನೆಯಲ್ಲಿ ಕೂತರು. "ಅಕ್ಕಾರ, ದೀಪ ಹಚ್ಚರಿ, ನಾ ಬ್ಯಾಡನ್ನಂಗಿಲ್ಲ. ಟೀವಿ ದನಿ ಅಷ್ಟ ತಗೀರಿ, ಚಿತ್ರ ಇರ್ಲಿ," ಎಂದರು. ಪದ್ಮಕ್ಕ ದೇವರ ಕಡೆ ನೋಡಿದರು, ಇವರ ಎದೆಯ ಕಡೆ ನೋಡಿದರು, ಹೂಂ ಎಂದರು. ಸ್ತೋತ್ರದ ನಡುವೆ ಅವರ ಒಂದು ಕಣ್ಣು ತೆರೆಯಿತು. "ಅಲ್ರೀ, ಆ ಕೆಂಪು ಕಾರಿನವನು ಯಾಕೆ ಒಳಗೆ ಹೋದ?" "ಟೈರ್ ಬದಲಿ ಮಾಡಾಕ ಅಕ್ಕಾರ." "ಇಷ್ಟು ಬೇಗಾನಾ? ನಮ್ಮ ಸ್ಕೂಟರ್ ಪಂಕ್ಚರ್‌ಗೆ ಅಂಗಡಿಯವನು ಅರ್ಧ ದಿನ ತಗೋತಾನೆ," ಎಂದು ಮತ್ತೆ ಕಣ್ಣು ಮುಚ್ಚಿದರು. ಅಲ್ಲಿಂದ ಕೊನೆಯ ರೇಸಿನವರೆಗೆ ನಾವು ನಾಲ್ಕು ಜನ ಒಟ್ಟಿಗೇ ನೋಡಿದೆವು. ನಮ್ಮ ಹುಡುಗ ಏನನ್ನೂ ಗೆಲ್ಲಲಿಲ್ಲ. ಕೊನೆಯ ದಿನ ಹತ್ತನೆಯವನಾಗಿ ಒಂದು ಅಂಕ ತಂದ. ಶಿರಾ ಮಾಡಿದವರು ಪದ್ಮಕ್ಕ, ಇಲ್ಲಿ ಅದನ್ನು ಕೇಸರಿಬಾತ್ ಎನ್ನುತ್ತಾರೆ.

ಸೀಸನ್ ಮುಗಿದ ವಾರವೇ ಡಾಕ್ಟರು ಸ್ಟೆತಸ್ಕೋಪ್ ಕೆಳಗಿಟ್ಟು, "ಇನ್ನು ಊರಿಗೆ ಹೋಗಿ. ಆರು ತಿಂಗಳಿಗೊಮ್ಮೆ ಬಂದು ತೋರ್ಸಿ ಸಾಕು," ಎಂದರು. ನಮ್ಮವರು ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಆಸ್ಪತ್ರೆಯ ಹೊರಗೆ ಬಂದು, ಒಂಬತ್ತು ತಿಂಗಳು ಕಾದ ಮಾತನ್ನು ಹೇಳಲು ಫೋನ್ ತೆಗೆದು ಪದ್ಮಕ್ಕನಿಗೆ ಹಚ್ಚಿದೆ. ಅವರು "ಅಬ್ಬ, ದೇವರು ದೊಡ್ಡವನು," ಎಂದರು. ಆಮೇಲೆ, "ಹಾಗಾದ್ರೆ ಹೊರಟೇಬಿಡ್ತೀರಾ?" ಎಂದರು. "ಇವತ್ತ ಹುಳಿಗೆ ಬೆಲ್ಲ ಸ್ವಲ್ಪ ಜಾಸ್ತಿನ ಹಾಕ್ರಿ, ಅಕ್ಕಾರ," ಎಂದೆ.

ಊರಿನಲ್ಲಿ ಈ ಸುದ್ದಿಗಾಗಿ ಉಪವಾಸ ಹಿಡಿದು ಕೂತಿದ್ದ ನಮ್ಮ ಅಕ್ಕನಿಗೆ ಆಮೇಲೆ ಫೋನ್ ಮಾಡಿದೆ. ಅಕ್ಕಾ, ಊರಿನವರ ಜತೆ ಇದನ್ನು ನೀನೂ ಓದುತ್ತಿರುತ್ತೀ; ಅಂದು ನೀನು ಅತ್ತು, "ನನಗ ಮೊದಲ ಹೇಳಿದಿ ಅಲ್ಲ?" ಎಂದು ಕೇಳಿದಾಗ ನಾನು ಹೂಂ ಎಂದಿದ್ದೆ. ಅದು ಸುಳ್ಳು. ಬರುವ ವಾರ ಊರಿಗೆ ಬರುತ್ತೇವೆ, ಎದುರಿಗೆ ಕೂರಿಸಿಕೊಂಡು ಬೈ.