ಕೆಳಗಿನ ಅಂಚು ಬಿಡಿಸಿದ ಭಾನುವಾರ

ಆ ಭಾನುವಾರ ಮಾಡಿದ ಕೆಲಸಗಳು ಇಷ್ಟು: ನಳ ಬಂದಿತ್ತು, ಎರಡು ಡ್ರಮ್ಮು, ಆರು ಕೊಡ ತುಂಬಿಕೊಂಡೆ. ಹಾಲಿಗೆ ಹೆಪ್ಪು ಹಾಕಿದೆ. ಪುಂಡಿಪಲ್ಯದ ಸೊಪ್ಪು ಸೋಸಿಟ್ಟೆ. ಅತ್ತೆಯ ಬಿ.ಪಿ. ಗುಳಿಗೆ ತಂದೆ. ಹನ್ನೊಂದು ಉತ್ತರ ಪತ್ರಿಕೆ ತಿದ್ದಿದೆ. ಬಟ್ಟೆ ಒಗೆಯುವ ಕಲ್ಲು ಕೊಂಡುತಂದೆ. ಎರಡು ತಿಂಗಳಿಂದ ತಲೆಕೆಳಗಾಗಿ ಬರುತ್ತಿದ್ದ ಒಂದು ಅಲೆಯನ್ನು ನೆಟ್ಟಗೆ ಮಾಡಿದೆ.

ನಾನು ಸುರಪುರದ ಡಿಪ್ಲೊಮಾ ಕಾಲೇಜೊಂದರಲ್ಲಿ ಸಿವಿಲ್ ಪಾಠ ಹೇಳುವವಳು, ಮನೆ ಶಹಾಪುರದಲ್ಲಿ. ವಯಸ್ಸು ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಕೈಹಾಕಿದೆ. ಕಲ್ಲಿಗೆ ಪೆಟ್ಟು ಕೊಟ್ಟಾಗ ಅದರೊಳಗೆ ಅಲೆ ಹೇಗೆ ಸಾಗುತ್ತದೆ, ಅದರಿಂದ ಒಳಬಿರುಕನ್ನು ಹೇಗೆ ಪತ್ತೆ ಮಾಡಬಹುದು ಎಂಬುದು ವಿಷಯ. ಸಾಫ್ಟ್‌ವೇರಿನಲ್ಲಿ ಚಪ್ಪಡಿಯನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಬಿಡಿಸಿ, ಮೇಲೆ ಸುತ್ತಿಗೆಯ ಏಟಿನಷ್ಟು ಬಲ ಕೊಡುತ್ತೇನೆ. ಒಂದು ತುಂಡು ಪಕ್ಕದ್ದನ್ನು ತಳ್ಳುತ್ತದೆ, ಅದು ಇನ್ನೊಂದನ್ನು. ಅಲೆ ತಳಕ್ಕೆ ಹೋಗಿ, ತಿರುಗಿ ಮೇಲೆ ಬರುತ್ತದೆ.

ಬರುವ ಹೊತ್ತು ಸರಿಯಾಗಿಯೇ ಇತ್ತು. ಆದರೆ ನಿಜವಾದ ಚಪ್ಪಡಿಯ ಮೇಲೆ ಅಳೆದಾಗ ಅಲೆಯ ಗೆರೆ ಮೇಲೆದ್ದಲ್ಲಿ, ನನ್ನ ಲೆಕ್ಕದ ಗೆರೆ ಕೆಳಗಿಳಿಯುತ್ತಿತ್ತು. ತುಂಡುಗಳನ್ನು ಇನ್ನಷ್ಟು ಸಣ್ಣ ಮಾಡಿದೆ. ಕಲ್ಲಿನ ಸಾಂದ್ರತೆ ಬದಲಿಸಿದೆ. ಆದರೂ ಗೆರೆ ಮಾತು ಕೇಳಲಿಲ್ಲ. ಸೋಮವಾರದೊಳಗೆ ಎರಡೂ ಹೊಂದದಿದ್ದರೆ ವಿಷಯವನ್ನೇ ಬದಲಿಸೋಣ ಎಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಅಂದರೆ ಮೂರು ವರ್ಷದ ಕೆಲಸ ನೀರುಪಾಲು.

ಅವತ್ತು ಬೆಳಿಗ್ಗೆಯೂ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಹಿತ್ತಲಿನಿಂದ ಅತ್ತೆ ಕೂಗಿದರು: "ಮನ್ಯಾಗ ಇದ್ದ ಕಲ್ಲು ಸೀಳಿ ಎರಡಾಗೈತಿ. ನೀ ನೋಡಿದ್ರ ಇಲ್ಲದ ಕಲ್ಲಿಗೆ ಮೂರು ವರ್ಷಾತು ಬಡಿಯಾಕತ್ತಿ! ಎದ್ದು ಹೋಗಿ ಒಗಿಯೂ ಕಲ್ಲು ತಾ ಮೊದಲ."

ಸುರಪುರ ರಸ್ತೆಯಲ್ಲಿ ಕಲ್ಲು ಕಟೆಯುವ ಹಿರಿಯರೊಬ್ಬರಿದ್ದಾರೆ. ನಾನು ಚಪ್ಪಡಿಯ ಅಲೆ ಅಳೆದದ್ದೂ ಹೋದ ವರ್ಷ ಅವರ ಅಂಗಳದಲ್ಲೇ. ನೆಲದ ಮೇಲಿದ್ದ ಒಂದು ಕಲ್ಲನ್ನು ಆರಿಸಿ, ತಿಳಿದವಳ ಹಾಗೆ ಅವರ ಸುತ್ತಿಗೆಯಿಂದ ತಟ್ಟಿದೆ. ಅವರು ನಕ್ಕುಬಿಟ್ಟರು.

"ನೆಲಕ್ಕ ಕುಂತ ಕಲ್ಲು ಬಡದ್ರ ಏನ್ ತಿಳೀತೈತ್ರಿ ಮೇಡಮ್ಮಾರ? ಬಾಯಾಗ ಅರಿವಿ ತುರುಕಿ ಹಾಡು ಅಂದಂಗಾತು."

ಹಳೇ ಟೈರಿನ ಎರಡು ತುಂಡು ಎಳೆದುಕೊಂಡು, ಕಲ್ಲನ್ನು ಅವುಗಳ ಮೇಲೆ ಎತ್ತಿಟ್ಟು ತಟ್ಟಿದರು. ಕಲ್ಲು ಠಣ್ಣೆಂದಿತು. ನನ್ನ ಎದೆಯೂ.

"ಯಜಮಾನ್ರ, ಹೋದ ವರ್ಷ ನಾ ಮಿಷಿನ್ ಹಚ್ಚಿ ನೋಡಿದ್ನಲ್ಲ, ಆ ಚಪ್ಪಡಿ ಬುಡಕ ಏನಿತ್ತು?"

"ಟೈರ್ ಇತ್ತಲ್ರಿ. ನಾನ ಇಟ್ಟಿದ್ದೆ. ನೀವು ವಾಯರ್ ಹಚ್ಚೂ ಗದ್ದಲದಾಗ ಇದ್ರಿ, ಎಲ್ಲಿ ನೋಡ್ತೀರಿ?"

ಆ ದಿನದ ಟಿಪ್ಪಣಿಯಲ್ಲಿ ನಾನು ಚಪ್ಪಡಿಯ ಉದ್ದಗಲ, ದಪ್ಪ, ಬಿಸಿಲು, ಅವರು ಕೊಟ್ಟ ಚಹಾದಲ್ಲಿ ಶುಂಠಿ ಹೆಚ್ಚಾಗಿದ್ದದ್ದು, ಎಲ್ಲ ಬರೆದಿದ್ದೆ. ಕಲ್ಲಿನ ಕೆಳಗೇನಿತ್ತು ಎಂಬುದೊಂದನ್ನು ಬಿಟ್ಟು. ಸಾಫ್ಟ್‌ವೇರಿನಲ್ಲಿ ಮಾತ್ರ ಕೆಳಗಿನ ಅಂಚನ್ನು ಅಲುಗದಂತೆ ಬಿಗಿದುಬಿಟ್ಟಿದ್ದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಟ್ಟದ್ದೇ ಅದು: ಮೊದಲು ಬುಡ ಭದ್ರ ಮಾಡಿ, ಆಮೇಲೆ ಭಾರ ಹೊರಿಸಿ. ಕಟ್ಟಡಕ್ಕೆ ಅದು ಸರಿ. ಆದರೆ ಬಿಗಿದ ಅಂಚಿಗೆ ಬಡಿದ ಅಲೆ ತಲೆಕೆಳಗಾಗಿ ಹಿಂತಿರುಗುತ್ತದೆ. ಬಿಗಿಯದೆ ಬಿಟ್ಟ ಅಂಚಿನಿಂದ ಮಾತ್ರ ಹೋದ ಹಾಗೇ ನೆಟ್ಟಗೆ ಬರುತ್ತದೆ. ಮೆತ್ತನೆಯ ಟೈರಿನ ಮೇಲಿದ್ದ ಕಲ್ಲಿನ ತಳ ಹೆಚ್ಚುಕಡಿಮೆ ಬಿಗಿಯಿಲ್ಲದೆಯೇ ಇತ್ತು.

ಆಟೋದಲ್ಲಿ ಕಲ್ಲು ಹಾಕಿಕೊಂಡು ಮನೆಗೆ ಬಂದೆ. ನಾರಾಯಣಪುರದ ಕಾಲುವೆ ಆಫೀಸಿನಿಂದ ರಜೆಗೆ ಬಂದಿದ್ದ ನಮ್ಮವರು ಹಿತ್ತಲಲ್ಲಿ ಕಲ್ಲು ಕೂರಿಸತೊಡಗಿದರು. ನಾನು ಕೆಳಗಿನ ಅಂಚಿನ ಬಿಗಿತ ತೆಗೆದು, ಲೆಕ್ಕ ಶುರುಮಾಡಿ, ಬೇಳೆಗೆ ಒಗ್ಗರಣೆ ಹಾಕಲು ಹೋದೆ. ಸಂಜೆ ಐದರ ಸುಮಾರಿಗೆ ಲೆಕ್ಕ ಮುಗಿಯಿತು. ಅಳೆದ ಗೆರೆಯ ಮೇಲೆ ನನ್ನ ಗೆರೆ ಇಟ್ಟೆ. ಏರಿಗೆ ಏರು, ಇಳಿತಕ್ಕೆ ಇಳಿತ. ಎರಡು ಗೆರೆ ಇವೆ ಎನ್ನುವುದೇ ಕಾಣಲಿಲ್ಲ.

ನಾನು ಕಿರುಚಿದ್ದಕ್ಕೆ ನಮ್ಮವರು ಕೈಯಲ್ಲಿ ಸಿಮೆಂಟಿನ ಕರಣಿ ಹಿಡಿದೇ ಓಡಿಬಂದರು. "ಏನಾತ? ಚೇಳು ಕಡೀತೇನ?"

"ಕೂಡ್ತು! ಕೂಡ್ತು ನೋಡ್ರಿ!"

ಅತ್ತೆ ಕನ್ನಡಕ ಏರಿಸಿ ಪರದೆಯನ್ನು ಬಹಳ ಹೊತ್ತು ನೋಡಿದರು. "ಇಷ್ಟ ಗೀಟಿನ ಸಲುವಾಗಿ ಮೂರು ವರ್ಷ? ಇರ್ಲಿ ಬಿಡವ್ವ, ಛಲೋ ಕೂಡ್ಯಾವ," ಎಂದು ನನ್ನ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದರು.

ಚಿತ್ರವನ್ನು ಮಾರ್ಗದರ್ಶಕರಿಗೆ ಕಳಿಸಿದೆ. ರೊಟ್ಟಿ ಬಡಿಯುತ್ತಿದ್ದಾಗ ಉತ್ತರ ಬಂತು: "ವಿಷಯ ಇದೇ ಇರಲಿ. ಬರೆಯಲು ಶುರು ಮಾಡಿ." ಹಿಟ್ಟಿನ ಕೈಯಲ್ಲೇ ಮೂರು ಸಲ ಓದಿದೆ.

ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿ, ಮೊಸರು. ನಾನು ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ದಿನಾ ಎಲ್ಲರೂ ಮಲಗಿದ ಮೇಲೆ ದೀಪ ಆರಿಸುವವಳು ನಾನೇ. ಅವತ್ತು ಮಾತ್ರ ರೊಟ್ಟಿಬುಟ್ಟಿ ಮುಚ್ಚುವ ಮೊದಲೇ ಗೋಡೆಗೊರಗಿ ನಿದ್ದೆಹೋದೆನಂತೆ; ಬೆಳಿಗ್ಗೆ ಅತ್ತೆ ಹೇಳಿದರು.