ಒಂದು ನಂಬರಿಗೆ ಇಬ್ಬರು

ಬೀದಿಯವರಿಗೆಲ್ಲ ಅವರು ಹಲೋ ಮಾವ. ಎದುರಾಬದುರು ಸಿಕ್ಕವರಿಗೂ ‘ಹಲೋ’ ಎಂದು, ಚೂರು ತಡೆದು, ಆ ಕಡೆಯಿಂದ ದನಿ ಬಂದದ್ದು ಖಾತ್ರಿಯಾದ ಮೇಲೇ ಮುಂದಿನ ಮಾತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕೂತು ಹತ್ತಿದ ಚಟ. ನಂಬರು ತಿರುಗಿಸಿದರೆ ತಾನಾಗಿ ಗಂಟೆ ಹೊಡೆಯುವ ಕಾಲ ಆಗಿನ್ನೂ ಬಂದಿರಲಿಲ್ಲ. ಯಾರೇ ಫೋನ್ ಎತ್ತಿದರೂ ಮೊದಲು ಸಿಗುತ್ತಿದ್ದವರು ಇವರು. ಎದುರಿನ ಬೋರ್ಡಿನಲ್ಲಿ ಊರಿನ ಮನೆಮನೆಗೂ ಒಂದೊಂದು ತೂತು, ಇವರ ಕೈಯಲ್ಲಿ ತಂತಿ. ಈ ತೂತಿನಿಂದ ಆ ತೂತಿಗೆ ಸಿಕ್ಕಿಸಿದರೆ ಮಾವನಿಗೂ ಅಳಿಯನಿಗೂ ಮಾತು. ಕಿತ್ತರೆ ಇಬ್ಬರಿಗೂ ನೆಮ್ಮದಿ.

ಊರಿಗೆಲ್ಲ ಲೈನ್ ಕೊಡುತ್ತಿದ್ದ ಮನುಷ್ಯ ಒಂದು ಮನೆಗೆ ಮಾತ್ರ ಲೈನ್ ಹೊಡೆದರು. ನೂರ ಏಳನೇ ನಂಬರು, ಮರದ ಮಿಲ್ಲಿನ ಯಜಮಾನರ ಮನೆ. ಅಪ್ಪ ಊಟಕ್ಕೆ ಬರುತ್ತಾರೋ ಇಲ್ಲವೋ ಕೇಳಲು ಆ ಮನೆಯ ಹುಡುಗಿ ದಿನಾ ಮಧ್ಯಾಹ್ನ ಮಿಲ್ಲಿಗೆ ಲೈನ್ ಕೇಳುತ್ತಿದ್ದಳು. ‘ಎಂಗೇಜ್ ಇದೆ, ಸ್ವಲ್ಪ ತಡೀರಿ’ ಎಂದು ಆಪರೇಟರ್ ಹೇಳುವುದು, ಆ ಸ್ವಲ್ಪದಲ್ಲಿ ಬಹಳಷ್ಟು ಮಾತು ನಡೆಯುವುದು. ಮಿಲ್ಲಿನ ಲೈನು ಪಾಪ ಖಾಲಿಯೇ ಇರುತ್ತಿತ್ತು. ಹೀಗೆ ಎಂಗೇಜ್ ಎಂಗೇಜ್ ಎನ್ನುತ್ತಲೇ ಎಂಗೇಜ್‌ಮೆಂಟ್ ಆಗಿಹೋಯಿತು.

ಮದುವೆಯಾದ ಮೇಲೆ ಅದೇ ಹುಡುಗಿ ವರಸೆ ಬದಲಾಯಿಸಿದಳು.

“ಊರಿಗೆಲ್ಲ ಕಿವಿ ಕೊಟ್ರಿ. ಕಟ್ಕೊಂಡವಳು ಅಡುಗೆಮನೆಯಿಂದ ಕೂಗಿದ್ರೆ ಮಾತ್ರ ಕೇಳಲ್ಲ, ಅಲ್ವಾ?”

“ನಿಂದು ಟ್ರಂಕ್ ಕಾಲ್ ಕಣೇ, ಸ್ವಲ್ಪ ತಡವಾಗುತ್ತೆ.”

“ತಡವಾಗಲಿ ಬಿಡಿ. ಹಾಲು ಉಕ್ಕಿದ್ದು ನೀವೇ ಒರೆಸಿ.”

ಆ ಬಾಯಿಗೆ ಕಡೆಗಾಲದಲ್ಲಿ ಬೀಗ ಬಿತ್ತು. ಒಂದು ಬೆಳಗ್ಗೆ ಲಕ್ವ ಹೊಡೆದು ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಟ್ಟಿಕೊಂಡು ಹೋಯಿತು. ಉಳಿದದ್ದು ಎಡಗೈ, ಮತ್ತು ಗಂಡನನ್ನು ಗದರಿಸಲು ಸಾಕಾಗುವಷ್ಟು ಕಣ್ಣು. ಮಹಡಿ ಮೇಲಿನ ಬಾಡಿಗೆ ಮನೆ. ಮುಂದೆ ಬಸ್ಸುಗಳ ಗಲಾಟೆಯ ಹಜಾರ, ಹಿಂದೆ ಇವಳ ಮಂಚ, ನಡುವೆ ಉದ್ದನೆಯ ಓಣಿಯಂಥ ಅಡುಗೆಮನೆ. ಮಂಚದಿಂದ ಹಜಾರಕ್ಕೆ ಕರೆಯುವುದು ಹೇಗೆ? ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ನಾಲ್ಕು ಬೀದಿ ಆಚೆಗೆ ಗಂಡನ ಜೊತೆ ಇದ್ದವಳು, ಒಂದು ಬೆಲ್ ತಂದುಕೊಟ್ಟಳು. ಅಮ್ಮನ ಅಂಗೈಯಲ್ಲಿ ಅಡಗುವಂಥ ಒಂದು ಗುಂಡಿ. ಹಜಾರದಲ್ಲಿ ಗೋಡೆಗೆ ಸಿಕ್ಕಿಸುವ ಒಂದು ಡಬ್ಬಿ. ಇಲ್ಲಿ ಒತ್ತಿದರೆ ಮನೆಯ ವೈ-ಫೈ ಹಿಡಿದುಕೊಂಡು ಹೋಗಿ ಅಲ್ಲಿ ಬಡಿಯುತ್ತಿತ್ತು.

ವೈ-ಫೈ ಅಂದರೆ ಇನ್ನೊಂದು ಎಕ್ಸ್‌ಚೇಂಜೇ ಎಂದು ತಿಳಿದಾಗ ಹಲೋ ಮಾವನಿಗೆ ತವರಿಗೆ ಬಂದ ಹಾಗಾಯಿತು. ಮನೆಯ ಪ್ರತಿ ಸಾಮಾನಿಗೂ ಒಂದೊಂದು ನಂಬರು, ಕೊಡುವ ಆಪರೇಟರ್ ರೂಟರು. ನಂಬರು ಉದ್ದವಾದರೂ ಬಾಲ ಮಾತ್ರ ಒಬ್ಬೊಬ್ಬರದು ಒಂದೊಂದು. ಆದರೆ ಆ ರೂಟರು ಬಂದವರಿಗೆ ಬಂದ ಹಾಗೆ ನಂಬರು ಹಂಚುವುದು ಅವರಿಗೆ ಸರಿಬರಲಿಲ್ಲ. “ಇದೇನು ಬಸ್ಸಿನ ಸೀಟಾ? ಇವಳ ಬೆಲ್ಲಿಗೆ ಇವಳದೇ ನಂಬರ್ ಇರಲಿ” ಎಂದು ಡಬ್ಬಿಯೊಳಗೆ ತಾವೇ ಕೈಯಾರೆ ಬಾಲ ಕೂರಿಸಿದರು: ನೂರ ಏಳು. ಮಗಳಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಕಿವಿಯಲ್ಲಿ ಹೇಳಿದರು. ನಗಲು ಬರುತ್ತಿದ್ದ ಅರ್ಧ ಮುಖದಲ್ಲಿ ಅವಳು ಪೂರ್ತಿ ನಕ್ಕಳು.

ರೂಟರ್ ಹಂಚುವ ನಂಬರುಗಳು ಶುರುವಾಗುವುದೇ ನೂರರಿಂದ ಎಂಬುದನ್ನು ಅವರು ಗಮನಿಸಲಿಲ್ಲ.

ಗಮನಿಸುವ ಪ್ರಸಂಗವೂ ಬರಲಿಲ್ಲ. ಬೆಲ್ ಚೆನ್ನಾಗಿಯೇ ಬಡಿಯಿತು. ನೀರಿಗೆ ಒಂದು ಸಲ, ದಿಂಬಿಗೆ ಎರಡು ಸಲ, ಸುಮ್ಮನೆ ಮುಖ ನೋಡಬೇಕೆನಿಸಿದರೆ ಬಿಡದೆ ಬಡಿಯುವುದು. “ಬಂದೆ ಮಹಾರಾಯ್ತಿ, ಬಂದೆ!” ಎಂದು ಓಡುವ ಮಾವನ ಹೆಜ್ಜೆ ಕೆಳಮನೆಯ ಹೊಲಿಗೆಯಮ್ಮನಿಗೆ ಕೇಳುತ್ತಿತ್ತು. “ಏನ್ ಮಾವ, ಅತ್ತೆ ನಿಮ್ಮನ್ನ ಈ ವಯಸ್ಸಲ್ಲಿ ಓಟಕ್ಕೆ ತಯಾರು ಮಾಡ್ತಿದ್ದಾರಾ?” ಎಂದು ಅವಳು ಮೆಟ್ಟಿಲ ಬುಡದಿಂದ ರೇಗಿಸುವಳು.

ಹೀಗಿರುವಾಗ ಒಂದು ಭಾನುವಾರ ಮಗಳು ಬಂದಳು, ಹೊಸ ಫೋನಿನ ಜೊತೆ. ವೈ-ಫೈ ಪಾಸ್‌ವರ್ಡ್ ಕೇಳಿ ಹಾಕಿಕೊಂಡಳು. ಅಮ್ಮನಿಗೆ ಉಣ್ಣಿಸಿ, ಮಲಗಿಸಿ, ಬಸ್ಸಿನ ಸದ್ದು ಒಳಗೆ ಹೋಗದಿರಲೆಂದು ಕೋಣೆಯ ಬಾಗಿಲು ಎಳೆದು ಬಂದು ಹಜಾರದಲ್ಲಿ ಅಪ್ಪನ ಪಕ್ಕ ಕೂತಳು. ಅಂಗಡಿಗೆ ಬಂದ ಒಬ್ಬ ಗಿರಾಕಿ ಮೂಗಿನ ಮೇಲೆ ಒಂದು ಕನ್ನಡಕ, ತಲೆಯ ಮೇಲೆ ಇನ್ನೊಂದು ಇಟ್ಟುಕೊಂಡು ಮೂರನೆಯದನ್ನು ಹುಡುಕಿದ ಫೋಟೋ ತೋರಿಸಿದಳು. ಅಪ್ಪ ಮಗಳು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬೆಲ್ ಬಡಿಯಲಿಲ್ಲ. ಚೆನ್ನಾಗಿ ನಿದ್ದೆ ಹತ್ತಿದೆ ಎಂದುಕೊಂಡರು.

ಟೀ ಹೊತ್ತಿಗೆ ಬಾಗಿಲು ತೆಗೆದಾಗ ಅಮ್ಮ ಹೋಗಿಬಿಟ್ಟಿದ್ದಳು. ಎಡಗೈ ಮುಷ್ಟಿಯಲ್ಲಿ ಗುಂಡಿ ಇತ್ತು.

ಡಾಕ್ಟರು ನಿದ್ದೆಯಲ್ಲೇ ಆಗಿರಬೇಕು ಎಂದರು. ಹೊಲಿಗೆಯಮ್ಮ ಮಗಳನ್ನು ತಬ್ಬಿಕೊಂಡು, “ಬೆಲ್ ಒತ್ತೋಕೂ ಪುರುಸೊತ್ತಿಲ್ಲದ ಹಾಗೆ ಹೋದ್ರು ಕಣಮ್ಮ. ನೋವೇ ಗೊತ್ತಾಗಿಲ್ಲ. ಪುಣ್ಯವಂತೆ” ಎಂದಳು. ಸಮಾಧಾನದ ಮಾತು ಯಾರೋ ಹೊಲಿದುಕೊಟ್ಟ ಅಂಗಿಯ ಹಾಗೆ. ಮೊದಮೊದಲು ಬಿಗಿ ಅನಿಸಿದರೂ ತೊಟ್ಟು ತೊಟ್ಟು ಮೈಗೆ ಹೊಂದಿಕೊಳ್ಳುತ್ತದೆ. ಬಂದವರಿಗೆಲ್ಲ ಮಗಳು ಅದನ್ನೇ ಹೇಳಿದಳು. ಅಮ್ಮ ಕರೆಯಲೇ ಇಲ್ಲ, ಕರೆದಿದ್ದರೆ ನಾವು ಅಲ್ಲೇ ಇದ್ದೆವಲ್ಲ. ಆ ಮಾತಿನ ಮೇಲೆ ಕೈಯೂರಿ ಇಬ್ಬರೂ ಎದ್ದು ನಿಂತರು.

ಅಪ್ಪನನ್ನು ಒಂಟಿ ಬಿಡಲಾಗದೆ ಮಗಳು ಕೆಲವು ವಾರ ಅಲ್ಲೇ ಉಳಿದಳು. ಉಳಿದವಳಿಗೆ ಒಂದೇ ಕಿರಿಕಿರಿ.

“ಅಪ್ಪಾ, ನಿಮ್ಮನೆ ನೆಟ್ಟಿಗೆ ಏನ್ ರೋಗ? ನನ್ನ ಮನೇಲಿ, ಅಂಗಡೀಲಿ ಸರಿಯಾಗಿರುತ್ತೆ. ಇಲ್ಲಿ ಬಂದ್ರೆ ಹತ್ತುತ್ತೆ, ಆರುತ್ತೆ.”

“ರೂಟರ್ ಆಫ್ ಮಾಡಿ ಆನ್ ಮಾಡಿದ್ಯಾ?”

“ಮಾಡ್ದೆ. ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕ್ದೆ. ಗಂಡನಿಗೆ ಬೈದೂ ನೋಡ್ದೆ.”

“ಅದಕ್ಕೂ ಸರಿಹೋಗಲಿಲ್ಲ ಅಂದ್ರೆ ದೊಡ್ಡ ಕಾಯಿಲೇನೇ. ತಾ ಇಲ್ಲಿ.”

ಅವಳು ಬಹಳ ದಿನದ ಮೇಲೆ ನಕ್ಕಳು. ಅವರಿಗೂ ಕೈಗೊಂದು ಕೆಲಸ ಸಿಕ್ಕ ಖುಷಿ. ತಮ್ಮ ಫೋನು ಸರಿಯಿತ್ತು, ಟಿವಿ ಸರಿಯಿತ್ತು. ಅಂದರೆ ಹೊರಗಿನ ಲೈನಿನದು ದೋಷವಲ್ಲ. ಒಬ್ಬರದೇ ಲೈನು ಬಂದು ಬಂದು ಹೋಗುತ್ತಿದ್ದರೆ ಆ ನಂಬರಿನ ಮೇಲೆ ಇನ್ನೊಬ್ಬರು ಕೂತಿದ್ದಾರೆ ಎಂದೇ ಅರ್ಥ. ಅವರ ಬೋರ್ಡಿನ ಕಾಲದಲ್ಲೂ ಅಷ್ಟೇ: ಒಂದೇ ತೂತಿಗೆ ಇಬ್ಬರ ತಂತಿ ಬಂದರೆ ಕರೆ ಯಾರ ಮನೆಗೆ ಹೋಗುತ್ತದೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ರೂಟರು ಕೇಬಲ್‌ನವನು ಕೊಟ್ಟ ಅಗ್ಗದ ಮಾಲು. ನಂಬರು ಕೊಡುವ ಮೊದಲು ಅಲ್ಲಿ ಯಾರಾದರೂ ಇದ್ದಾರಾ ಎಂದು ಕದ ತಟ್ಟಿ ಕೇಳುವ ಮರ್ಯಾದೆ ಅದಕ್ಕಿರಲಿಲ್ಲ. ನೋಡಲು ಬಂದವರು, ಮೈ ಉಜ್ಜಲು ಬರುತ್ತಿದ್ದ ನರ್ಸಮ್ಮ, ಅಳಿಯ, ಹೊಲಿಗೆಯಮ್ಮನ ಮಕ್ಕಳು, ಎಲ್ಲರ ಫೋನಿಗೂ ನೂರು, ನೂರ ಒಂದು, ನೂರ ಎರಡು ಎಂದು ಹಂಚುತ್ತ ಬಂದಿತ್ತು.

ಮಗಳ ಫೋನಿನಲ್ಲಿ ಸೆಟ್ಟಿಂಗ್ ತೆರೆದರು. ಮಗಳೂ ಭುಜದ ಮೇಲಿಂದ ಬಗ್ಗಿದಳು. ಅವರಿಗಿಂತ ಮೊದಲು ಓದಿದವಳು ಅವಳೇ.

“ಅಪ್ಪಾ! ಕೊನೇಲಿ ನೋಡು, ನೂರ ಏಳು! ತಾತನ ಮನೆ ನಂಬರ್ ಅಲ್ವಾ? ಅಮ್ಮ ಯಾವಾಗ್ಲೂ ಹೇಳ್ತಿದ್ದದ್ದು!”

ಹಲೋ ಮಾವನ ಬೆರಳು ಗಾಜಿನ ಮೇಲೆ ಹಾಗೇ ನಿಂತಿತು.

“ಯಾವತ್ತಿನಿಂದ ಇದೆ ಈ ನಂಬರು?” ಎಂದು ಕೇಳಿದರು. ಕೇಳುವ ಅಗತ್ಯವಿರಲಿಲ್ಲ.

“ಇಲ್ಲಿ ಮೊದಲನೇ ಸಲ ಹಾಕಿದಾಗ್ಲೇ ಇರಬೇಕು. ಆ ಭಾನುವಾರ.” ಅವಳ ದನಿ ತೇವವಾಯಿತು. “ನೋಡಪ್ಪಾ, ಅಮ್ಮ ಹೋಗೋ ದಿನ ತನ್ನ ನಂಬರ್ ನನಗೆ ಕೊಟ್ಟು ಹೋಗಿದ್ದಾಳೆ.”

ಗೋಡೆಯ ಡಬ್ಬಿ ಇನ್ನೂ ಅಲ್ಲೇ ಇತ್ತು, ಹಸಿರು ದೀಪ ಉರಿಸಿಕೊಂಡು. ಅವರು ಅದರ ಕಡೆ ನೋಡಲಿಲ್ಲ. ಆ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಎಡಗೈ ಒತ್ತಿದ್ದರೆ, ಒತ್ತಿದಳೋ ಇಲ್ಲವೋ ಇನ್ನು ಯಾವ ಕಾಲಕ್ಕೂ ಗೊತ್ತಾಗುವುದಿಲ್ಲ, ಆದರೆ ಒತ್ತಿದ್ದರೆ, ಆ ಕರೆ ಹೊರಟಿರುತ್ತಿತ್ತು. ನೂರ ಏಳನ್ನು ಹುಡುಕಿಕೊಂಡು ಹಜಾರಕ್ಕೆ ಬಂದೂ ಇರುತ್ತಿತ್ತು. ಬಂದು ಗೋಡೆಯ ಡಬ್ಬಿಗಲ್ಲ, ಮಗಳ ಕೈಯಲ್ಲಿದ್ದ ಫೋನಿಗೆ ಬಿದ್ದಿರುತ್ತಿತ್ತು. ಆ ಫೋನಿಗೆ ಅದು ಯಾವ ಭಾಷೆಯೋ. ಕನ್ನಡಕದ ಫೋಟೋ ತೋರಿಸುತ್ತ ನಗುತ್ತಿದ್ದ ಹುಡುಗಿಯ ಅಂಗೈಗೆ ತಾಯಿ ಕೂಗಿ ಕೂಗಿ ಸುಮ್ಮನಾಗಿರಬಹುದು.

ಫೋನಿನದಾಗಲಿ ಹುಡುಗಿಯದಾಗಲಿ ತಪ್ಪೇನಿಲ್ಲ. ಹಂಚುವ ನಂಬರುಗಳ ನಡುವೆ ಒಲವಿನ ನಂಬರೊಂದನ್ನು ತಂದು ನೆಟ್ಟವರು ತಾವು. ಇದನ್ನು ಹೇಳಬಹುದಿತ್ತು. ಆದರೆ ಹೇಳಿದರೆ ಮಗಳ ಕಿವಿಗೆ ಬೀಳುವುದು ಅಮ್ಮನ ಕರೆಯನ್ನು ತನ್ನ ಫೋನು ನುಂಗಿತು ಎಂಬ ಒಂದೇ ಒಂದು ಮಾತು ಎಂದು ಜೀವಮಾನವಿಡೀ ಪರರ ಮಾತು ಕೇಳಿದವರಿಗೆ ಗೊತ್ತಿತ್ತು.

“ಏನಪ್ಪಾ, ಏನಂತೆ ತೊಂದರೆ?”

“ರೂಟರಿಗೆ ನನ್ನಷ್ಟೇ ವಯಸ್ಸಾಗಿದೆ. ಮರೆವು.”

“ನಂಬರ್ ಬದಲಾಯಿಸಿದ್ರೆ ಸರಿಹೋಗುತ್ತಾ?”

“ಹೋಗುತ್ತೆ.”

“ಹಾಗಾದ್ರೆ ಬೇಡ,” ಎಂದಳು ಮಗಳು, ಫೋನನ್ನು ಎದೆಗೊತ್ತಿಕೊಂಡು. “ನೆಟ್ ಬರದಿದ್ರೂ ಪರವಾಗಿಲ್ಲ. ಇದು ಅಮ್ಮಂದು. ನಾನು ಬಿಡಲ್ಲ.”

“ಬಿಡಬೇಡ,” ಎಂದರು. “ನಿನ್ನ ಹತ್ರಾನೇ ಇರಲಿ. ನಾನು ಬೇರೆ ಏನಾದರೂ ಮಾಡ್ತೀನಿ.”

ಅವಳು ಸ್ನಾನಕ್ಕೆ ಹೋದಾಗ ಸೂಜಿ ತಂದು ಡಬ್ಬಿಯ ಬೆನ್ನಿನ ಸಣ್ಣ ತೂತಿಗೆ ಚುಚ್ಚಿದರು. ಒತ್ತಿ ಹಿಡಿದರೆ ಒಳಗೆ ಬರೆದದ್ದೆಲ್ಲ ಅಳಿಸುತ್ತದೆ. ಸೂಜಿ ಒಮ್ಮೆ ಜಾರಿತು. ಮತ್ತೆ ಚುಚ್ಚಿ ಹಿಡಿದರು. ಹಸಿರು ದೀಪ ಕೆಂಪಾಗಿ, ಕೆಂಪೂ ಆರಿ, ಡಬ್ಬಿ ಯಾರದೂ ಅಲ್ಲದ ಡಬ್ಬಿಯಾಯಿತು. ಮಗಳ ಫೋನಿನಲ್ಲಿ ನೆಟ್ ಹತ್ತಿದ್ದು ಮತ್ತೆ ಆರಲಿಲ್ಲ.

“ಹುಷಾರಪ್ಪಾ ನೀನು! ಸರಿಹೋಯ್ತು!” ಎಂದು ತಲೆ ಒರೆಸಿಕೊಳ್ಳುತ್ತ ಬಂದವಳಿಗೆ ಡಬ್ಬಿ ಕೆಳಗಿಳಿದಿದ್ದು ಕಣ್ಣಿಗೆ ಬಿತ್ತು. “ಇದನ್ನ ಯಾಕೆ ತೆಗೆದೆ? ನಾನೇ ಹೇಳೋಣ ಅಂತಿದ್ದೆ. ನಾಳೆ ನಾನು ಮನೆಗೆ ಹೋದ್ಮೇಲೆ ಈ ಗುಂಡಿ ನಿನ್ನ ತಲೆದಿಂಬಿನ ಹತ್ರ ಇರಬೇಕು. ಒತ್ತಿದ್ರೆ ನನ್ನ ಫೋನಿಗೂ ಬರೋ ಹಾಗೆ ಮಾಡಿಕೊಡ್ತೀನಿ.”

“ನನಗ್ಯಾಕಮ್ಮ ಅದೆಲ್ಲ. ಬಾಯಿದೆಯಲ್ಲ.”

“ಬಾಯಿಯ ಸುದ್ದಿ ಎತ್ತಬೇಡ. ಅಮ್ಮನ ಹತ್ರಾನೂ ಇತ್ತು.”

ಅವಳೇ ಕೂತು ಡಬ್ಬಿಯನ್ನು ಹೊಸದಾಗಿ ವೈ-ಫೈಗೆ ಸೇರಿಸಿದಳು, ಫೋನಿಗೆ ಅದರ ಭಾಷೆ ಕಲಿಸಿದಳು. “ನಂಬರ್ ನೀನೇ ಕೊಡ್ತೀಯಾ, ರೂಟರೇ ಕೊಡಲಿ ಅಂತೀಯಾ?” ಎಂದು ಕೇಳಿದಳು, ಅಪ್ಪನ ಎಕ್ಸ್‌ಚೇಂಜಿನ ಚಟ ಗೊತ್ತಿದ್ದವಳು.

“ಅದೇ ಕೊಡಲಿ. ಯಾವುದಾದರೇನು.”

ಪರೀಕ್ಷೆ ಮಾಡಲೆಂದು ಅವರನ್ನು ಹಿಂದಿನ ಕೋಣೆಗೆ ಕಳಿಸಿದಳು. ಮಂಚದ ಅಂಚಿಗೆ ಕೂತು ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡರು. ಹೆಬ್ಬೆರಳು ತಾಗಿ ತಾಗಿ ನಡುವೆ ಸಣ್ಣ ಗುಳಿ ಬಿದ್ದಿತ್ತು. ಅದು ಅವರ ಹೆಬ್ಬೆರಳ ಅಳತೆಯದಲ್ಲ.

“ಒತ್ತಿದ್ಯಾ ಅಪ್ಪಾ?” ಹಜಾರದಿಂದ ಕೂಗಿದಳು. “ಇಲ್ಲೇನೂ ಬರಲಿಲ್ಲ!”

“ಇಲ್ಲಮ್ಮ. ಇನ್ನೂ ಒತ್ತಿಲ್ಲ.”

ಒತ್ತಿದರು. ಅಡುಗೆಮನೆ ದಾಟಿ, ಬಸ್ಸುಗಳ ಸದ್ದಿನ ನಡುವೆ, ಹಜಾರದ ಗೋಡೆ ಬಡಿದುಕೊಂಡಿತು.

“ಕೇಳಿಸ್ತು! ಫೋನಿಗೂ ಬಂತು!” ಎಂದಳು ಮಗಳು. ಸ್ವಲ್ಪ ಹೊತ್ತು ಬಿಟ್ಟು, “ಸಾಕಪ್ಪಾ, ಕೇಳಿಸ್ತು ಅಂದ್ನಲ್ಲ.”

ಅವರು ಬೆರಳು ತೆಗೆಯಲಿಲ್ಲ. ಬೆಲ್ ಬಡಿಯುತ್ತಲೇ ಇತ್ತು. “ಅಪ್ಪಾ?” ಎನ್ನುತ್ತ ಮಗಳು ಎದ್ದು ಒಳಗೆ ಓಡಿ ಬರುವ ಹೆಜ್ಜೆ ಅಡುಗೆಮನೆಯಲ್ಲಿ ಕೇಳಿಸಿತು.