ಅರವತ್ತನಾಲ್ಕನೆಯ ತಪ್ಪು

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೊಂದು ವರ್ಷದಿಂದ ಅಟೆಂಡರ್ ಆಗಿದ್ದ ಅವನಿಗೆ ಹುಡುಗರು ಇಟ್ಟ ಹೆಸರು ಸಿಡಿಮದ್ದು. ಹೆಸರು ಸುಮ್ಮನೆ ಬಂದದ್ದಲ್ಲ. ಬ್ಯುರೆಟ್ ಎಂಬ ಅಳತೆ ಕೊಳವೆಯ ತಲೆಯ ಮೇಲಿನ ಆಲಿಕೆ ತೆಗೆಯದೆ ಯಾರಾದರೂ ಅಳತೆ ಓದಿದರೆ, ಆ ಮೂಲೆಯಿಂದಲೇ ಶುರುವಾಗುತ್ತಿತ್ತು: "ಯಾರಪ್ಪ ಅದು, ಟೋಪಿ ಹಾಕ್ಕೊಂಡು ಎತ್ತರ ಅಳೀತಿರೋನು? ಟೋಪಿ ತೆಗಿ!" ದ್ರಾವಣ ಹೀರಿ ತೆಗೆಯುವ ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿಬಿಟ್ಟರಂತೂ ಮುಗಿಯಿತು. "ಆ ಹನಿ ಅಲ್ಲೇ ಇರ್ಲಿ ಅಂತಾನೇ ಪಿಪೆಟ್ ಮಾಡಿರೋದು. ಊದೋಕೆ ಇದೇನು ಬಲೂನಾ?"

ಓದಿದ್ದು ಏಳನೇ ಕ್ಲಾಸು. ಆಮ್ಲಕ್ಕೆ ಕ್ಷಾರ ಬಿದ್ದರೆ ಬಣ್ಣ ಯಾಕೆ ತಿರುಗುತ್ತದೆ ಎಂದು ಕೇಳಿದರೆ "ಮೇಡಮ್ಮ ಹೇಳ್ತಾರೆ, ಹೋಗು" ಎನ್ನುತ್ತಿದ್ದ. ಮೇಡಮ್ಮ ಎಂದರೆ ವಿಭಾಗದ ಮುಖ್ಯಸ್ಥೆ. ಆದರೆ ಗುಲಾಬಿ ಬಣ್ಣ ಬರಲು ಇನ್ನೆಷ್ಟು ಹನಿ ಬೇಕು ಎಂಬುದನ್ನು ನಾಲ್ಕು ಬೆಂಚು ಆಚೆ ನಿಂತು ಹೇಳಬಲ್ಲವನು ಇಡೀ ಕಾಲೇಜಿನಲ್ಲಿ ಅವನೊಬ್ಬನೇ.

ಈ ವರ್ಷ ಆಡಳಿತ ಮಂಡಳಿಯವರು ಹೊಸ ಕಲಿಕೆ ತಂದರು. ಹೊಸದು ತಂದರೆ ಸಾಲದು, ಹಳೆಯದರ ಕತ್ತು ಹಿಸುಕಲೇಬೇಕು ಈ ಜನಕ್ಕೆ. ಪಾಠವನ್ನು ಹುಡುಗರು ಮನೆಯಲ್ಲೇ ವಿಡಿಯೊ ಹಾಕಿ ನೋಡಿಕೊಂಡು ಬರಬೇಕು, ತರಗತಿಯಲ್ಲಿ ಬರೀ ಚರ್ಚೆ. ಲ್ಯಾಬು ಕಂಪ್ಯೂಟರಿನೊಳಗೆ. ಪರದೆಯ ಮೇಲೊಂದು ಬ್ಯುರೆಟ್, ಬೆರಳಾಡಿಸಿದರೆ ಹನಿ ಬೀಳುತ್ತದೆ. ಎಷ್ಟು ಸಲ ಎಡವಟ್ಟು ಮಾಡಿದರೂ ಗಾಜು ಒಡೆಯುವುದಿಲ್ಲ, ಕೈ ಸುಡುವುದಿಲ್ಲ.

ಮೇಡಮ್ಮ ಜಗಳಾಡಿ ಒಂದು ಪರೀಕ್ಷೆ ಗಿಟ್ಟಿಸಿದರು. ಹನ್ನೆರಡು ಮಂದಿ ಪರದೆಯಲ್ಲಿ ಕಲಿಯಲಿ, ಹನ್ನೆರಡು ಮಂದಿ ಲ್ಯಾಬಿನಲ್ಲಿ. ಎರಡು ತಿಂಗಳಾದ ಮೇಲೆ ಎಲ್ಲರೂ ಇದೇ ಲ್ಯಾಬಿನಲ್ಲಿ ನಿಂತು ಒಂದೇ ಪ್ರಯೋಗ ಮಾಡಲಿ. ಪರದೆಯವರ ಅಳತೆ ತಪ್ಪಿದರೆ ಲ್ಯಾಬು ಉಳಿಯುತ್ತದೆ. ಸರಿ ಬಂದರೆ ಬೆಂಚು ಕಿತ್ತುಹಾಕಿ ಪಾಠದ ವಿಡಿಯೊ ತೆಗೆಯುವ ಕೋಣೆ ಮಾಡುತ್ತಾರೆ, ಇವನನ್ನು ಆಫೀಸಿನ ಜೆರಾಕ್ಸ್ ಯಂತ್ರದ ಮುಂದೆ ಕೂರಿಸುತ್ತಾರೆ.

ಸಿಟ್ಟು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಮನೆಗೆ ಹೋಗಿ ಚಪ್ಪಲಿ ಬಿಡುತ್ತಲೇ ಹೆಂಡತಿಗೆ ವಿಷಯ ಹೇಳಿದ.

"ರೀ, ಯಾರ ಮೇಲೂ ಕೂಗಾಡ್ಲಿಲ್ವಾ?"

"ಇಲ್ಲ."

"ಹುಷಾರಿಲ್ವಾ?" ಎಂದು ಅವಳು ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

ಮರುವಾರ ಆ ಪರದೆಯ ಲ್ಯಾಬು ತಯಾರಿಸುವ ಕಂಪನಿಯವಳೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಮಗಳ ವಯಸ್ಸು.

"ಅಣ್ಣ, ಹುಡುಗ್ರು ಏನೇನು ತಪ್ಪು ಮಾಡ್ತಾರೆ ಹೇಳ್ತೀರಾ? ಸರಿಯಾಗಿ ಮಾಡೋದು ಪುಸ್ತಕದಲ್ಲಿದೆ. ತಪ್ಪು ಮಾಡೋದು ಎಲ್ಲೂ ಬರ್ದಿಲ್ಲ."

ಅಷ್ಟು ವರ್ಷದಲ್ಲಿ ಅವನನ್ನು ಕೂರಿಸಿಕೊಂಡು ಯಾರೂ ಏನನ್ನೂ ಕೇಳಿದ್ದಿಲ್ಲ. ಅವನು ಸ್ಟೂಲಿನ ಮೇಲೆ ಕೂತು ಹೇಳಿದ. ಬ್ಯುರೆಟ್ಟಿನ ನಲ್ಲಿಯ ಕೆಳಗೆ ಗಾಳಿಗುಳ್ಳೆ ಹಾಗೇ ಬಿಡುವುದು. ಬಗ್ಗದೆ ಮೇಲಿನಿಂದ ಅಳತೆ ಓದುವುದು. ಬಣ್ಣ ಬಂದ ಖುಷಿಯಲ್ಲಿ ನಲ್ಲಿ ಮುಚ್ಚಲು ಮರೆಯುವುದು. ಪಕ್ಕದವನ ಉತ್ತರ ನೋಡಿ ತನ್ನದನ್ನು ಹಿಗ್ಗಿಸುವುದು. ಎರಡು ಮಧ್ಯಾಹ್ನಗಳಲ್ಲಿ ಅರವತ್ತಮೂರು ತಪ್ಪುಗಳಾದವು. ಒಂದೊಂದಕ್ಕೂ ಅವನು ಬೈಯುವ ಮಾತಿತ್ತು. ಅವಳು ನಗುತ್ತ ಅದನ್ನೂ ಬರೆದುಕೊಂಡಳು.

ಮೇಡಮ್ಮನಿಗೆ ಗೊತ್ತಾದಾಗ ತಲೆ ಚಚ್ಚಿಕೊಂಡರು. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡ್ರಲ್ರೀ!"

"ಕೇಳಿದ್ಲು ಮೇಡಮ್ಮ. ಹೇಳ್ದೆ."

ಪರೀಕ್ಷೆಯ ದಿನ ಅವನು ಇಪ್ಪತ್ನಾಲ್ಕು ಬ್ಯುರೆಟ್ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿದ, ಪ್ರತಿಯೊಂದರ ಕೆಳಗೆ ಬಿಳಿ ಟೈಲ್ಸ್ ಇಟ್ಟ. ಪ್ರಿನ್ಸಿಪಾಲರು ಬಂದರು, ಕಂಪನಿಯ ಹುಡುಗಿಯೂ ಬಂದಳು. ಪರದೆಯ ಬ್ಯಾಚಿನವರು ಎಡಗಡೆ ಬೆಂಚಿನಲ್ಲಿ ಶುರುಮಾಡಿದರು. ಗಾಳಿಗುಳ್ಳೆ ಓಡಿಸಿದರು, ಕಣ್ಣಿನ ಮಟ್ಟಕ್ಕೆ ಬಗ್ಗಿದರು. ಒಬ್ಬ ತನ್ನಷ್ಟಕ್ಕೆ "ಟೋಪಿ ತೆಗಿ, ಟೋಪಿ ತೆಗಿ" ಎಂದು ಗೊಣಗಿಕೊಂಡು ಆಲಿಕೆ ಎತ್ತಿಟ್ಟ. ತನ್ನದೇ ಬೈಗುಳ ಸಿಡಿಮದ್ದಿಗೆ ಪಕ್ಕದ ಮನೆಯ ರೇಡಿಯೊದಂತೆ ಕೇಳಿಸಿತು.

ಕೊನೆಯಲ್ಲಿ ನಿಂತಿದ್ದ ಹುಡುಗಿ ಪಿಪೆಟ್ಟಿನಿಂದ ಫ್ಲಾಸ್ಕಿಗೆ ದ್ರಾವಣ ಬಿಟ್ಟಳು. ಕೊನೆಯ ಹನಿಯನ್ನು ಊದಲಿಲ್ಲ. ಪಿಪೆಟ್ಟನ್ನು ಮೇಲೆತ್ತಿದಳು, ಗಾಳಿಯಲ್ಲೇ ಬೆರಳು ಬಿಚ್ಚಿದಳು, ಪುಸ್ತಕದತ್ತ ತಿರುಗಿದಳು.

ಪಿಪೆಟ್ ನೆಲಕ್ಕೆ ಬಿದ್ದು ಚೂರಾಯಿತು.

ಅವಳು ನೆಲ ನೋಡಲಿಲ್ಲ, ಖಾಲಿ ಕೈಯನ್ನು ನೋಡಿಕೊಂಡಳು. "ಕಂಪ್ಯೂಟರಲ್ಲಿ... ಬಿಟ್ರೆ ಅದೇ ಸ್ಟ್ಯಾಂಡಿಗೆ ಹೋಗುತ್ತೆ ಅಣ್ಣ."

ಲ್ಯಾಬಿಗೆ ಲ್ಯಾಬೇ ಅವನತ್ತ ತಿರುಗಿತು. ಅವನೂ ಕಾದ. ಬೈಗುಳ ಬರಲಿಲ್ಲ. "ಚಪ್ಪಲಿ ತೆಳ್ಳಗಿದೆ, ಅಲ್ಲಾಡ್ಬೇಡ," ಎಂದು ಬೇರೆ ಪಿಪೆಟ್ ತಂದುಕೊಟ್ಟು ಪೊರಕೆ ತರಲು ಹೋದ.

ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಲ್ಯಾಬಿನವರಿಗಿಂತ ಪರದೆಯವರದೇ ಒಂದು ಕೂದಲೆಳೆಯಷ್ಟು ಹೆಚ್ಚು ಸರಿಯಿತ್ತು. ಪಿಪೆಟ್ ಒಡೆದ ಹುಡುಗಿಯದು ಎಲ್ಲರಿಗಿಂತ ಕರಾರುವಾಕ್ಕು.

"ಸರ್, ಬಿಟ್ರೆ ಗಾಜು ಬೀಳುತ್ತೆ ಅಂತ್ಲೇ ಗೊತ್ತಿಲ್ಲ ಅವಳಿಗೆ," ಎಂದರು ಮೇಡಮ್ಮ. "ನಾಳೆ ಆಸಿಡ್ ಬಾಟ್ಲಿ ಕೈಗೆ ಕೊಡ್ತೀರಾ?"

ಪ್ರಿನ್ಸಿಪಾಲರು ಪೊರಕೆ ಹಿಡಿದವನನ್ನು ಕೇಳಿದರು. "ಏನ್ರೀ, ನಿಮ್ಮ ಹತ್ರ ಕಲಿತೋರು ಯಾವತ್ತೂ ಒಡೆದಿಲ್ವಾ?"

ಮೇಡಮ್ಮ ಅವನನ್ನೇ ನೋಡುತ್ತಿದ್ದರು. ಒಡೆದವರು ನೂರಾರು ಮಂದಿ, ಆದರೆ ಹೀಗೆ ಒಬ್ಬರೂ ಒಡೆದಿರಲಿಲ್ಲ. ಆ ಎರಡನೆಯ ಮಾತೊಂದು ಹೇಳಿದ್ದರೆ ಮೇಡಮ್ಮ ಇನ್ನೂ ಒಂದು ಕೈ ನೋಡುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

"ಒಡೆದಿದಾರೆ ಸರ್."

"ಮತ್ತಿನ್ನೇನು," ಎಂದು ಪ್ರಿನ್ಸಿಪಾಲರು ಹಾಳೆ ಮಡಚಿದರು. ಮೇಡಮ್ಮ ಹೊರಗೆ ಹೋದರು. ಹುಡುಗರೂ ಹೋದರು.

ಕಂಪನಿಯ ಹುಡುಗಿ ಮಾತ್ರ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. "ಅಣ್ಣ, ಇದು ನಮ್ಮ ಪಟ್ಟೀಲಿ ಇರ್ಲಿಲ್ಲ."

"ಇರ್ಲಿಲ್ಲ. ಯಾರೂ ಮಾಡಿರ್ಲಿಲ್ಲ."

"ಏನಂತ ಹಾಕ್ಲಿ?"

ಅವನು ಬೆಂಚಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಒದ್ದೆ ಬಟ್ಟೆಯಿಂದ ಸಣ್ಣ ಚೂರುಗಳನ್ನು ಒತ್ತಿ ತೆಗೆಯುತ್ತಿದ್ದ. "ಬಿಟ್ರೆ ಬೀಳುತ್ತೆ. ಅಷ್ಟೇ ಹಾಕಮ್ಮ."

"ಇದಕ್ಕೆ ಬೈಗುಳ?"

ಅವನು ಬಟ್ಟೆಗೆ ಅಂಟಿದ ಚೂರುಗಳನ್ನು ಕಸದ ಡಬ್ಬಿಗೆ ಕೊಡವಿದ.

"ನೀನೇ ಏನಾದ್ರೂ ಹಾಕ್ಕೋ."